ಒಂದೇ ಮಾಳಿಗೆ, ಹಲವು ಒಡೆಯರು

ಕಟ್ಟಡಗಳಲ್ಲಿ ವಿದ್ಯುತ್ ಉಳಿತಾಯದ ಮಾತು ಬಂದಾಗಲೆಲ್ಲ ನಮ್ಮ ಚರ್ಚೆ ಹೊಸ ಕಟ್ಟಡಗಳ ಸುತ್ತಲೇ ಗಿರಕಿ ಹೊಡೆಯುತ್ತದೆ. ಗಾಜಿನ ಮೈಯ ಕಚೇರಿಗಳು, ‘ಹಸಿರು’ ಪ್ರಮಾಣಪತ್ರ ಪಡೆದ ವಸತಿ ಸಮುಚ್ಚಯಗಳು, ಸೌರಫಲಕ ಹೊತ್ತ ಹೊಸ ಬಡಾವಣೆಗಳು ಎಲ್ಲರ ಗಮನ ಸೆಳೆಯುತ್ತವೆ. ಆದರೆ ಜನ ಇಂದು ವಾಸಿಸುತ್ತಿರುವುದು, ಮುಂದಿನ ಎರಡು ಮೂರು ದಶಕಗಳ ಕಾಲ ವಾಸಿಸಲಿರುವುದು ಬಹುಪಾಲು ಹಳೆಯ ಕಟ್ಟಡಗಳಲ್ಲಿಯೇ. ಅವುಗಳನ್ನು ಕೆಡವಿ ಕಟ್ಟುವಷ್ಟು ಹಣ ಅವುಗಳ ಒಡೆಯರಲ್ಲಿಲ್ಲ. ರಿಪೇರಿ ಮಾಡಿಸುವಷ್ಟು ಹಣ ಹಲವರಲ್ಲಿ ಇದ್ದರೂ ಆ ಕೆಲಸ ಆಗುತ್ತಿಲ್ಲ. ಏಕೆ ಆಗುತ್ತಿಲ್ಲ ಎಂಬ ಪ್ರಶ್ನೆ ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ಅರ್ಥಶಾಸ್ತ್ರಕ್ಕೂ ಕಾನೂನಿಗೂ ಸೇರಿದ್ದು.

ಈ ಪ್ರಶ್ನೆಯನ್ನು ಪರಿಶೀಲಿಸಲು ಬೆಂಗಳೂರಿಗಿಂತ ಕೃಷ್ಣಾ ತೀರಕ್ಕೆ ಸಮೀಪದ ರಬಕವಿ-ಬನಹಟ್ಟಿ ಹೆಚ್ಚು ಸೂಕ್ತವಾದ ಸ್ಥಳ. ಬಾಗಲಕೋಟೆ ಜಿಲ್ಲೆಯ ಈ ಅವಳಿ ಪಟ್ಟಣ ನೇಕಾರರ ಊರು. ಇಲ್ಲಿ ಮನೆಯೆಂದರೆ ವಾಸದ ಸ್ಥಳ ಮಾತ್ರವಲ್ಲ, ದುಡಿಮೆಯ ಸ್ಥಳವೂ ಹೌದು. ಮುಂದಿನ ಪಡಸಾಲೆಯಲ್ಲೋ ಹಿಂದಿನ ಶೆಡ್ಡಿನಲ್ಲೋ ಮಗ್ಗ ನಡೆಯುತ್ತದೆ. ಅದರ ಪಕ್ಕದಲ್ಲೇ ಅಡುಗೆ, ಮಕ್ಕಳ ಓದು, ಹಿರಿಯರ ಮಲಗುವಿಕೆ. ಆದ್ದರಿಂದ ಇಲ್ಲಿ ಮನೆಯ ಛಾವಣಿ ಕಾದರೆ ನಿದ್ದೆಯಷ್ಟೇ ಕೆಡುವುದಿಲ್ಲ, ಕೂಲಿಯೂ ಕಡಿಮೆಯಾಗುತ್ತದೆ.

ಮಣ್ಣಿನಿಂದ ಕಾಂಕ್ರೀಟಿಗೆ

ಹಳೆಯ ತಲೆಮಾರಿನವರಿಗೆ ಈ ಭಾಗದ ಮಾಳಿಗೆ ಮನೆಗಳ ನೆನಪಿದ್ದೀತು. ಕಲ್ಲು ಮಣ್ಣಿನ ದಪ್ಪ ಗೋಡೆ, ಮರದ ತೊಲೆ-ಜಂತಿಗಳ ಮೇಲೆ ಹಲಗೆ, ಅದರ ಮೇಲೆ ಬಿಗಿಯಾಗಿ ಬಡಿದ ಮಣ್ಣಿನ ಪದರ, ನಡುವೆ ಬೆಳಕಿಂಡಿ. ಏಪ್ರಿಲ್-ಮೇ ತಿಂಗಳುಗಳಲ್ಲಿ ಹೊರಗೆ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗಲೂ ಇಂಥ ಮನೆಯ ಒಳಗೆ ತಂಪಿರುತ್ತಿತ್ತು. ದಪ್ಪ ಮಣ್ಣು ಹಗಲಿನ ಬಿಸಿಯನ್ನು ಬಹು ನಿಧಾನವಾಗಿ ಒಳಗೆ ಬಿಡುತ್ತದೆ; ಅದು ಒಳಗೆ ತಲುಪುವ ಹೊತ್ತಿಗೆ ಹೊರಗೆ ರಾತ್ರಿಯಾಗಿ ಗಾಳಿ ತಂಪಾಗಿರುತ್ತದೆ. ನೆಲದಲ್ಲಿ ಕುಣಿ ತೋಡಿ ಕೂಡಿಸಿದ ಕೈಮಗ್ಗಕ್ಕೆ ನೆಲದ ತೇವವೂ ಒದಗುತ್ತಿತ್ತು. ಹತ್ತಿಯ ನೂಲು ಒಣ ಬಿಸಿಗಾಳಿಯಲ್ಲಿ ಹೆಚ್ಚು ಹರಿಯುತ್ತದೆ, ತೇವವಿದ್ದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ ಎಂಬುದು ನೇಕಾರನಿಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ.

ಹಾಗೆಂದು ಮಣ್ಣಿನ ಮನೆಯನ್ನು ಕೊಂಡಾಡಿ ಮುಗಿಸುವಂತಿಲ್ಲ. ಪ್ರತಿ ಮಳೆಗಾಲಕ್ಕೆ ಮುನ್ನ ಮಾಳಿಗೆಗೆ ಮಣ್ಣು ಹಾಕಬೇಕು, ಹಾಕದಿದ್ದರೆ ಸೋರುತ್ತದೆ. ಗೆದ್ದಲು ತೊಲೆಯನ್ನು ತಿನ್ನುತ್ತದೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿ ಹರಿದಾಗ ಬಾಗಲಕೋಟೆ ಜಿಲ್ಲೆಯಲ್ಲಿ ಕುಸಿದವುಗಳಲ್ಲಿ ಮಣ್ಣಿನ ಮನೆಗಳೇ ಹೆಚ್ಚು. ಪೂರ್ಣ ಹಾನಿಯಾದ ಮನೆಗಳಿಗೆ ರಾಜ್ಯ ಸರ್ಕಾರ ಆಗ 5 ಲಕ್ಷ ರೂಪಾಯಿ ಪರಿಹಾರ ಪ್ರಕಟಿಸಿತು. ಆ ಹಣದಲ್ಲಿ ಮತ್ತೆ ಮಣ್ಣಿನ ಮನೆ ಕಟ್ಟಿಕೊಳ್ಳುವಂತೆ ಯಾರಿಗಾದರೂ ಉಪದೇಶಿಸುವುದು ಸಾಧ್ಯವಿರಲಿಲ್ಲ. ಉಪದೇಶಿಸುವುದು ನ್ಯಾಯವೂ ಆಗುತ್ತಿರಲಿಲ್ಲ.

ಹೀಗೆ ಮಣ್ಣಿನ ಮಾಳಿಗೆಯ ಜಾಗಕ್ಕೆ ನಾಲ್ಕೈದು ಅಂಗುಲ ದಪ್ಪದ ಕಾಂಕ್ರೀಟ್ ಸ್ಲ್ಯಾಬ್ ಬಂದಿತು. ಅದಕ್ಕೂ ಶಕ್ತಿಯಿಲ್ಲದವರ ತಲೆಯ ಮೇಲೆ ತಗಡು ಬಂದಿತು. ತಗಡು ಮಧ್ಯಾಹ್ನವೇ ಸುಡುತ್ತದೆ. ತೆಳು ಕಾಂಕ್ರೀಟು ಹಗಲೆಲ್ಲ ಬಿಸಿಲು ಹೀರಿ, ಜನ ಮಲಗುವ ಹೊತ್ತಿಗೆ ಅದನ್ನು ಮನೆಯೊಳಗೆ ಸುರಿಯುತ್ತದೆ. ಕೈಮಗ್ಗದ ಜಾಗಕ್ಕೆ ವಿದ್ಯುತ್ ಮಗ್ಗ ಬಂದಿತು. ಅದರ ಮೋಟಾರು ತಾನೂ ಬಿಸಿ ಹೊರಸೂಸುತ್ತದೆ. ಬೆಳಕಿಂಡಿ ಮುಚ್ಚಿದಲ್ಲಿ ಹಗಲೂ ದೀಪ ಬೇಕಾಯಿತು. ಮಣ್ಣು ಪುಕ್ಕಟೆಯಾಗಿ ಮಾಡುತ್ತಿದ್ದ ಕೆಲಸವನ್ನು ಈಗ ಫ್ಯಾನಿನಿಂದ ಮಾಡಿಸಬೇಕಾಗಿದೆ. ಅನುಕೂಲವಿದ್ದವರ ಮನೆಗಳಿಗೆ ಏರ್‌ಕೂಲರ್ ಬಂದಿದೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2019ರಲ್ಲಿ ಪ್ರಕಟಿಸಿದ ವರದಿಯು 2030ರ ವೇಳೆಗೆ ಬಿಸಿಲಿನ ಬಾಧೆಯಿಂದ ಭಾರತ ತನ್ನ ದುಡಿಮೆಯ ಗಂಟೆಗಳಲ್ಲಿ ಶೇ 5.8ರಷ್ಟನ್ನು ಕಳೆದುಕೊಳ್ಳಬಹುದೆಂದು ಅಂದಾಜಿಸಿದೆ. ಇದನ್ನು ಓದುವಾಗ ನಮ್ಮ ಕಣ್ಮುಂದೆ ಬರುವುದು ಹೊಲದ ಕೂಲಿಯವರು, ಕಟ್ಟಡ ಕಾರ್ಮಿಕರು. ಸೂರಿನ ಕೆಳಗೆ ದುಡಿಯುವವರನ್ನು ನಾವು ನೆರಳಿನಲ್ಲಿದ್ದವರೆಂದು ಎಣಿಸಿಬಿಡುತ್ತೇವೆ. ನೇಯ್ದ ಸೀರೆಯ ಲೆಕ್ಕದಲ್ಲಿ ಮಜೂರಿ ಪಡೆಯುವವನಿಗೆ ಮಧ್ಯಾಹ್ನದ ಎರಡು ಗಂಟೆ ಮಗ್ಗದ ಮುಂದೆ ನಿಲ್ಲಲಾಗದಿದ್ದರೆ ಆ ನಷ್ಟವನ್ನು ಯಾವ ಸಂಬಳದ ಪಟ್ಟಿಯೂ ತುಂಬಿಕೊಡುವುದಿಲ್ಲ.

ಹಿಸ್ಸೆಯಾದ ಮನೆಯೇ ಅಪಾರ್ಟ್‌ಮೆಂಟ್

ಪರಿಹಾರ ಅಷ್ಟೇನೂ ದುಬಾರಿಯದಲ್ಲ. ಮಾಸಿದ ಕಾಂಕ್ರೀಟ್ ಛಾವಣಿ ತನ್ನ ಮೇಲೆ ಬಿದ್ದ ಬಿಸಿಲಿನ ಹೆಚ್ಚಿನ ಪಾಲನ್ನು ಹೀರಿಕೊಳ್ಳುತ್ತದೆ. ಹೊಸದಾಗಿ ಬಿಳಿ ಲೇಪ ಕಂಡ ಛಾವಣಿ ಹೆಚ್ಚಿನ ಪಾಲನ್ನು ಹಿಂದಿರುಗಿಸುತ್ತದೆ. ಬಿಳಿ ಛಾವಣಿಯಿಂದ ಒಳಗಿನ ಉಷ್ಣಾಂಶ ಎರಡರಿಂದ ಐದು ಡಿಗ್ರಿಯವರೆಗೆ ಇಳಿಯಬಲ್ಲದೆಂಬುದು ಈ ದೇಶದಲ್ಲಿಯೇ ಕಂಡುಬಂದಿದೆ. ಅಹಮದಾಬಾದ್ ನಗರ 2013ರಲ್ಲಿ ಬಿಸಿಲಿನ ಬಾಧೆಗೆ ಕ್ರಿಯಾ ಯೋಜನೆ ರೂಪಿಸಿ, ಮುಂದೆ ಬಡವರ ಮನೆಗಳ ಛಾವಣಿಗೆ ಬಿಳಿ ಬಳಿಯುವ ಕೆಲಸವನ್ನೂ ಕೈಗೆತ್ತಿಕೊಂಡಿತು. ತೆಲಂಗಾಣ ರಾಜ್ಯ 2023ರಲ್ಲಿ ತಂಪು ಛಾವಣಿಗೆಂದೇ ಪ್ರತ್ಯೇಕ ನೀತಿಯನ್ನು ಪ್ರಕಟಿಸಿತು. ಮುನ್ನೂರು ಚದರ ಅಡಿಯ ಮಾಳಿಗೆಗೆ ಸುಣ್ಣ ಬಳಿಸುವ ಖರ್ಚು ಒಂದು ಒಳ್ಳೆಯ ಫ್ಯಾನಿನ ಬೆಲೆಯನ್ನು ಮೀರಲಾರದು. ಹಾಗಾದರೆ ಊರಿನ ಮಾಳಿಗೆಗಳೆಲ್ಲ ಬೆಳ್ಳಗಾಗಿಲ್ಲವೇಕೆ?

ಮೊದಲನೆಯ ಅಡ್ಡಿ ಒಡೆತನದ್ದು. ರಬಕವಿಯ ಹಳೆಯ ಓಣಿಗಳ ಮನೆಗಳಲ್ಲಿ ಅನೇಕವು ಅಣ್ಣತಮ್ಮಂದಿರ ನಡುವೆ ಹಿಸ್ಸೆಯಾಗಿವೆ. ಅಂಕಣದ ಲೆಕ್ಕದಲ್ಲಿ ಒಳಗೆ ಗೋಡೆ ಎದ್ದಿರುತ್ತದೆ. ಮೇಲಿನ ಮಾಳಿಗೆ ಮಾತ್ರ ಒಂದೇ. ಒಬ್ಬನ ಪಾಲಿನ ಮೇಲೆ ಬಿದ್ದ ನೀರು ಇನ್ನೊಬ್ಬನ ಪಾಲಿನಲ್ಲಿ ಹರಿದು ಮೂರನೆಯವನ ಗೋಡೆಯಲ್ಲಿ ಇಳಿಯುತ್ತದೆ. ಖಾತೆ ಅಜ್ಜನ ಹೆಸರಿನಲ್ಲೇ ಉಳಿದಿರುತ್ತದೆ. ಒಬ್ಬ ಅಣ್ಣ ಸೊಲ್ಲಾಪುರಕ್ಕೋ ಇಚಲಕರಂಜಿಗೋ ದುಡಿಯಲು ಹೋಗಿರುತ್ತಾನೆ. ಅವನ ಒಪ್ಪಿಗೆಯಿಲ್ಲದೆ ಮಾಳಿಗೆ ಮುಟ್ಟಿದರೆ ಜಗಳ, ಮುಟ್ಟದಿದ್ದರೆ ಸೋರಿಕೆ. ಖಾತೆಯಿಲ್ಲದವನಿಗೆ ಬ್ಯಾಂಕು ಸಾಲ ಕೊಡುವುದಿಲ್ಲ.

ಬೆಂಗಳೂರಿನ ಓದುಗರಿಗೆ ಇದು ದೂರದ ಊರಿನ ದಾಯಾದಿ ವ್ಯಾಜ್ಯವೆಂದು ತೋರಬಹುದು. ಆದರೆ ಎಂಬತ್ತು ತೊಂಬತ್ತರ ದಶಕಗಳಲ್ಲಿ ಮಲ್ಲೇಶ್ವರ, ಜಯನಗರ, ಇಂದಿರಾನಗರಗಳಲ್ಲಿ ಎದ್ದ ಮೂರು ನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟುಗಳ ಸ್ಥಿತಿ ಇದಕ್ಕಿಂತ ಭಿನ್ನವೇ? ಅಲ್ಲಿಯೂ ಒಂದೇ ಮಾಳಿಗೆ, ಹಲವು ಒಡೆಯರು. ಬೇಸಿಗೆಯಲ್ಲಿ ಬೇಯುವುದು ಮೇಲಂತಸ್ತಿನವರು, ಟೆರೇಸು ಎಲ್ಲರದು. ಅದಕ್ಕೆ ಲೇಪ ಹಾಕಿಸುವ ಖರ್ಚನ್ನು ನಾವೇಕೆ ಹಂಚಿಕೊಳ್ಳಬೇಕೆಂದು ನೆಲ ಅಂತಸ್ತಿನವರು ಕೇಳುತ್ತಾರೆ. ಹಳೆಯ ಪಂಪು ಹೆಚ್ಚು ಕರೆಂಟು ತಿನ್ನುತ್ತಿದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಆ ಬಿಲ್ಲು ಇಪ್ಪತ್ತು ಮನೆಗಳಿಗೆ ಹಂಚಿಹೋಗುವುದರಿಂದ ಯಾರಿಗೂ ಚುರುಕು ಮುಟ್ಟುವುದಿಲ್ಲ. ಬಾಡಿಗೆಗೆ ಕೊಟ್ಟವರು ಸಭೆಗೇ ಬರುವುದಿಲ್ಲ. ಬಿಲ್ಲು ಕಟ್ಟುವವನು ಬಾಡಿಗೆದಾರ, ರಿಪೇರಿ ಮಾಡಿಸಬೇಕಾದವನು ಮಾಲೀಕ. ಖರ್ಚು ಒಬ್ಬನದು ಲಾಭ ಇನ್ನೊಬ್ಬನದಾದಲ್ಲಿ ಹೂಡಿಕೆ ನಡೆಯುವುದಿಲ್ಲ ಎಂಬುದು ಅರ್ಥಶಾಸ್ತ್ರದ ಹಳೆಯ ಪಾಠ.

ಕಾನೂನೂ ಇಲ್ಲಿ ನೆರವಿಗೆ ಬರಲಿಲ್ಲ. ಕರ್ನಾಟಕದಲ್ಲಿ 1972ರಲ್ಲಿಯೇ ಅಪಾರ್ಟ್‌ಮೆಂಟ್ ಒಡೆತನದ ಕಾಯ್ದೆ ಬಂದರೂ ಎಷ್ಟೋ ಸಂಘಗಳು 1960ರ ಸಂಘಗಳ ನೋಂದಣಿ ಕಾಯ್ದೆಯ ಅಡಿಯಲ್ಲಿ ನೋಂದಣಿಯಾದವು. ಗಣೇಶೋತ್ಸವ ನಡೆಸುವ ಸಂಘಕ್ಕೂ ಕೋಟ್ಯಂತರ ರೂಪಾಯಿಯ ಆಸ್ತಿ ನೋಡಿಕೊಳ್ಳುವ ಸಂಘಕ್ಕೂ ಒಂದೇ ಕಾನೂನು ಎಂಬಂತಾಯಿತು. ಇಂಥ ಸಂಘವೊಂದು ಕಟ್ಟಡದ ದುರಸ್ತಿಗೆ ಹತ್ತು ವರ್ಷದ ಸಾಲ ಎತ್ತುವುದು ಹೇಗೆ?

ಇನ್ನು ಇಂಧನ ಸಂಹಿತೆಗಳು. 2001ರ ಇಂಧನ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 2002ರಲ್ಲಿ ಇಂಧನ ದಕ್ಷತಾ ಬ್ಯೂರೋ ಸ್ಥಾಪನೆಯಾಯಿತು. ವಾಣಿಜ್ಯ ಕಟ್ಟಡಗಳಿಗೆ 2007ರಲ್ಲಿ ಸಂಹಿತೆ ಬಂದಿತು. ವಸತಿ ಕಟ್ಟಡಗಳಿಗೆ ‘ಇಕೋ ನಿವಾಸ ಸಂಹಿತೆ’ ಬರಲು 2018ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು. ಗೋಡೆ, ಕಿಟಕಿ, ಛಾವಣಿಗಳ ಮೂಲಕ ಎಷ್ಟು ಬಿಸಿ ಒಳಬರಬಹುದೆಂಬುದಕ್ಕೆ ಮಿತಿ ಹಾಕುವ ಒಳ್ಳೆಯ ಸಂಹಿತೆ ಅದು. ಆದರೆ ಅದು ಗಮನದಲ್ಲಿಟ್ಟುಕೊಂಡದ್ದು 500 ಚದರ ಮೀಟರಿಗೆ ಕಡಿಮೆಯಿಲ್ಲದ ನಿವೇಶನಗಳಲ್ಲಿ ಏಳುವ ಕಟ್ಟಡಗಳನ್ನು. ನಿಂತಿರುವ ಹಳೆಯ ಕಟ್ಟಡದ ಮೇಲಂತಸ್ತಿನಲ್ಲಿ ಬೇಯುವವರಿಗೆ, ಓಣಿಯ ಮೂರು ಅಂಕಣದ ಮನೆಯಲ್ಲಿ ಮಗ್ಗ ಹಾಕಿಕೊಂಡವರಿಗೆ ಅದರಿಂದ ಆಗುವುದೇನೂ ಇಲ್ಲ.

ಪುಕ್ಕಟೆ ವಿದ್ಯುತ್ತಿನ ಲೆಕ್ಕ

ಎರಡನೆಯ ಅಡ್ಡಿ ಬೆಲೆಯದು. ಸಾಮಾನ್ಯ ಸೀಲಿಂಗ್ ಫ್ಯಾನು ಸುಮಾರು 75 ವಾಟ್ ವಿದ್ಯುತ್ ಬಳಸುತ್ತದೆ. ಈಗ ಬಂದಿರುವ ಬಿಎಲ್‌ಡಿಸಿ ಮೋಟಾರಿನ ಫ್ಯಾನಿಗೆ ಸುಮಾರು 30 ವಾಟ್ ಸಾಕು. ದಿನಕ್ಕೆ 15 ಗಂಟೆಯಂತೆ ವರ್ಷದಲ್ಲಿ 300 ದಿನ ತಿರುಗಿದರೆ ಒಂದು ಫ್ಯಾನಿನಿಂದ ಸುಮಾರು 200 ಯೂನಿಟ್ ಉಳಿತಾಯ. ಯೂನಿಟ್ಟಿಗೆ ಆರು ರೂಪಾಯಿ ಎಂದಿಟ್ಟುಕೊಂಡರೆ ವರ್ಷಕ್ಕೆ 1,200 ರೂಪಾಯಿ. ಫ್ಯಾನಿನ ಬೆಲೆ 3,000 ರೂಪಾಯಿ ಎಂದಾದರೆ ಎರಡೂವರೆ ವರ್ಷದಲ್ಲಿ ಅಸಲು ಕೈಸೇರುತ್ತದೆ. ಯಾವ ಬ್ಯಾಂಕಿನ ಠೇವಣಿಯೂ ಇಷ್ಟು ಲಾಭ ಕೊಡಲಾರದು.

ಆದರೆ ಈ ಲೆಕ್ಕ ಬಿಲ್ಲು ಕಟ್ಟುವವರಿಗೆ. 2023ರಲ್ಲಿ ಜಾರಿಗೆ ಬಂದ ‘ಗೃಹಜ್ಯೋತಿ’ ಯೋಜನೆಯಲ್ಲಿ ಪ್ರತಿ ಮನೆಗೆ ಅದರ 2022-23ರ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿ, ತಿಂಗಳಿಗೆ 200 ಯೂನಿಟ್ ಮೀರದಂತೆ, ಉಚಿತ ವಿದ್ಯುತ್ತಿನ ಪ್ರಮಾಣ ಗೊತ್ತುಪಡಿಸಲಾಯಿತು. ಹತ್ತು ಅಶ್ವಶಕ್ತಿವರೆಗಿನ ವಿದ್ಯುತ್ ಮಗ್ಗಗಳಿಗೆ ಉಚಿತ ವಿದ್ಯುತ್ ನೀಡುವುದಾಗಿ ಅದೇ ವರ್ಷದ ಬಜೆಟ್‌ನಲ್ಲಿ ಪ್ರಕಟಿಸಲಾಯಿತು. ಬಿಲ್ಲು ಸೊನ್ನೆ ಇರುವ ಮನೆಯಲ್ಲಿ ಮೂರು ಸಾವಿರದ ಫ್ಯಾನಿನ ಅಸಲು ಎಂದೂ ಕೈಸೇರುವುದಿಲ್ಲ. ಅಲ್ಲಿ ಹಳೆಯ ಫ್ಯಾನನ್ನೇ ತಿರುಗಿಸುವುದು ಅಜ್ಞಾನದ ಫಲವಲ್ಲ. ಅದು ಲೆಕ್ಕಾಚಾರಕ್ಕೆ ಸರಿಯಾದ ನಡವಳಿಕೆಯೇ. ಉಳಿಸಿದ ಯೂನಿಟ್ಟಿನ ಲಾಭವೆಲ್ಲ ಸರ್ಕಾರದ ಬೊಕ್ಕಸಕ್ಕೆ, ಉಳಿಸುವ ಖರ್ಚೆಲ್ಲ ಮನೆಯವನಿಗೆ.

ಇದನ್ನು ಓದಿ, ಉಚಿತ ವಿದ್ಯುತ್ತನ್ನು ಕಿತ್ತುಕೊಳ್ಳಬೇಕೆಂಬ ವಾದವಿದೆಂದು ಯಾರೂ ಭಾವಿಸಬಾರದು. ನೂಲಿನ ಬೆಲೆ ಏರಿದಾಗ, ಸೀರೆಗೆ ಕೇಳುವವರಿಲ್ಲದಾಗ ನೇಕಾರನ ಮನೆಯಲ್ಲಿ ಒಲೆ ಉರಿಯುವುದಕ್ಕೆ ಇಂಥ ರಿಯಾಯಿತಿಗಳೂ ಆಸರೆಯಾಗಿವೆ. ಪ್ರಶ್ನೆ ರಿಯಾಯಿತಿ ಇರಬೇಕೇ ಬೇಡವೇ ಎಂಬುದಲ್ಲ. ಅದನ್ನು ಯಾವ ರೂಪದಲ್ಲಿ ಕೊಡಬೇಕು ಎಂಬುದು. ಸರ್ಕಾರ ಪ್ರತಿ ವರ್ಷ, ಪ್ರತಿ ತಿಂಗಳು ಕರೆಂಟಿನ ರೂಪದಲ್ಲಿ ಕೊಡುವ ಹಣದ ಒಂದು ಭಾಗ ಸೋರುವ, ಕಾಯುವ ಮಾಳಿಗೆಯ ಮೂಲಕ ಆವಿಯಾಗಿ ಹೋಗುತ್ತಿದೆ. ಅದೇ ಹಣದ ಒಂದು ಪಾಲನ್ನು ಒಮ್ಮೆ ಮಾಳಿಗೆಗೆ ಹಾಕಿದರೆ ಮುಂದಿನ ಬೇಸಿಗೆಗಳ ಖರ್ಚು ಇಬ್ಬರಿಗೂ ಕಡಿಮೆಯಾಗುತ್ತದೆ.

ಇದಕ್ಕೆ ಪಂಜಾಬಿನಲ್ಲಿ ಒಂದು ಮಾದರಿ ಇದೆ. ರೈತರ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ ಕೊಡುವ ಆ ರಾಜ್ಯ 2018ರಲ್ಲಿ ‘ಪಾನಿ ಬಚಾವೋ, ಪೈಸೆ ಕಮಾವೋ’ ಎಂಬ ಯೋಜನೆಯನ್ನು ಪ್ರಾಯೋಗಿಕವಾಗಿ ಆರಂಭಿಸಿತು. ಸ್ವಇಚ್ಛೆಯಿಂದ ಸೇರಿದ ರೈತನಿಗೆ ಇಂತಿಷ್ಟು ಯೂನಿಟ್ ಎಂದು ನಿಗದಿ ಮಾಡಿ, ಅದರಲ್ಲಿ ಅವನು ಬಳಸದೆ ಉಳಿಸಿದ ಪ್ರತಿ ಯೂನಿಟ್ಟಿಗೆ 4 ರೂಪಾಯಿಯನ್ನು ಅವನ ಖಾತೆಗೆ ಜಮಾ ಮಾಡುವ ಯೋಜನೆ ಅದು. ಯಾರ ಸವಲತ್ತೂ ಕಡಿಮೆಯಾಗಲಿಲ್ಲ. ಉಳಿತಾಯಕ್ಕೆ ಮಾತ್ರ ಒಂದು ಬೆಲೆ ಬಂದಿತು. ನಮ್ಮ ಗೃಹಜ್ಯೋತಿಯಲ್ಲಿ ಪ್ರತಿ ಮನೆಯ ಪ್ರಮಾಣ ಈಗಾಗಲೇ ನಿಗದಿಯಾಗಿರುವುದರಿಂದ ಇಂಥ ವ್ಯವಸ್ಥೆಗೆ ಅರ್ಧ ದಾರಿ ಕ್ರಮಿಸಿದಂತೆಯೇ ಆಗಿದೆ. ಉಳಿಸಿದ ಯೂನಿಟ್ಟಿಗೆ ಎರಡು ಮೂರು ರೂಪಾಯಿ ಕೊಟ್ಟರೂ ಸರ್ಕಾರಕ್ಕೆ ಲಾಭವೇ.

ಹೊರಗಿನ ಪಾಠಗಳು

ಹಲವರ ಒಡೆತನದ ಹಳೆಯ ಕಟ್ಟಡಗಳ ಸಮಸ್ಯೆಯನ್ನು ಗಂಭೀರವಾಗಿ ಎದುರಿಸಿದ ಪುಟ್ಟ ದೇಶ ಎಸ್ಟೋನಿಯ. ಸೋವಿಯತ್ ಆಳ್ವಿಕೆ ಮುಗಿದ ಮೇಲೆ ತೊಂಬತ್ತರ ದಶಕದಲ್ಲಿ ಅಲ್ಲಿನ ಸರ್ಕಾರಿ ವಸತಿ ಸಮುಚ್ಚಯಗಳ ಮನೆಗಳು ವಾಸವಿದ್ದವರಿಗೇ ಸೇರಿದವು. ಮನೆ ಸಿಕ್ಕಿತು, ದುರಸ್ತಿಗೆ ಹಣ ಮಾತ್ರ ಇರಲಿಲ್ಲ. 2001ರಲ್ಲಿ ಸ್ಥಾಪನೆಯಾದ ‘ಕ್ರೆಡೆಕ್ಸ್’ ಎಂಬ ಸರ್ಕಾರಿ ಸಂಸ್ಥೆಯ ಮೂಲಕ ನಿವಾಸಿಗಳ ಸಂಘಗಳಿಗೆ ದೀರ್ಘಾವಧಿ ಸಾಲ ಒದಗಿತು. 2010ರಿಂದ ದುರಸ್ತಿ ಎಷ್ಟು ಸಮಗ್ರವೋ ಅದಕ್ಕೆ ತಕ್ಕಂತೆ ವೆಚ್ಚದ ಶೇ 15, 25 ಅಥವಾ 35ರಷ್ಟು ಸಹಾಯಧನವೂ ದೊರೆಯಿತು. ಅಷ್ಟಕ್ಕೇ ನಿಲ್ಲದೆ, 2018ರ ಆರಂಭದಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ ಅಪಾರ್ಟ್‌ಮೆಂಟ್ ಕಟ್ಟಡವಿದ್ದಲ್ಲಿ ಸಂಘವೂ ತಾನಾಗಿಯೇ ಅಸ್ತಿತ್ವಕ್ಕೆ ಬರುತ್ತದೆ. ಅಲ್ಲಿಯದು ಬಿಸಿ ಹೊರಹೋಗದಂತೆ ತಡೆಯುವ ಕೆಲಸ, ನಮ್ಮದು ಬಿಸಿ ಒಳಬರದಂತೆ ತಡೆಯುವ ಕೆಲಸ. ಆದರೆ ಸಂಘಕ್ಕೆ ಕಾನೂನಿನ ಬಲ, ಸಂಘಕ್ಕೇ ಸಾಲ, ಭಾಗಶಃ ಸಹಾಯಧನ ಎಂಬ ಮೂರು ಅಂಶಗಳು ಯಾವ ಹವಾಮಾನಕ್ಕೂ ಹೊಂದುತ್ತವೆ.

ಎಡವಿದವರಿಂದಲೂ ಕಲಿಯುವುದಿದೆ. ಬ್ರಿಟನ್ 2013ರಲ್ಲಿ ‘ಗ್ರೀನ್ ಡೀಲ್’ ಎಂಬ ಯೋಜನೆಯನ್ನು ಅಬ್ಬರದಿಂದ ಆರಂಭಿಸಿತು. ದುರಸ್ತಿಗೆ ಸಾಲ ಕೊಟ್ಟು ವಿದ್ಯುತ್ ಬಿಲ್ಲಿನ ಮೂಲಕವೇ ಕಂತು ವಸೂಲು ಮಾಡುವ ಉಪಾಯ ಅದು. ಬಡ್ಡಿ ದುಬಾರಿ, ನಿಯಮಗಳು ಜಟಿಲ. ಜನ ದೂರವೇ ಉಳಿದರು. 2015ರಲ್ಲಿ ಸರ್ಕಾರ ಅದಕ್ಕೆ ಹಣ ನಿಲ್ಲಿಸಿತು. ಇಟಲಿ 2020ರಲ್ಲಿ ಇನ್ನೊಂದು ತುದಿಗೆ ಹೋಗಿ ದುರಸ್ತಿ ವೆಚ್ಚದ ಶೇ 110ರಷ್ಟನ್ನು ತೆರಿಗೆ ರಿಯಾಯಿತಿಯಾಗಿ ಮರಳಿಸಿತು. ಮನೆಯವನ ಕಿಸೆಯಿಂದ ಒಂದು ಕಾಸೂ ಹೋಗದಿದ್ದಾಗ ಬೆಲೆ ವಿಚಾರಿಸುವವರು ಯಾರು? ವೆಚ್ಚ ನೂರು ಶತಕೋಟಿ ಯೂರೋ ದಾಟಿತು, ವಂಚನೆಯ ಪ್ರಕರಣಗಳು ಬೆಳಕಿಗೆ ಬಂದವು, ಯೋಜನೆಯನ್ನು ಮೊಟಕುಗೊಳಿಸಬೇಕಾಯಿತು. ಏನೂ ಕೊಡದೆ ಸಾಲ ಮಾತ್ರ ಕೊಡುವುದು ಒಂದು ತಪ್ಪಾದರೆ, ಎಲ್ಲವನ್ನೂ ಕೊಡುವುದು ಇನ್ನೊಂದು ತಪ್ಪು.

ಮಾಡಬಹುದಾದದ್ದು

ಮೊದಲನೆಯದಾಗಿ, ಮಾಳಿಗೆಯಿಂದ ಆರಂಭಿಸಬೇಕು. ರಬಕವಿ-ಬನಹಟ್ಟಿಯಂಥ ಊರಿನಲ್ಲಿ ಮನೆಯ ಒಳಗೆ ಬರುವ ಬಿಸಿಲಿನ ದೊಡ್ಡ ಬಾಗಿಲು ಅದೇ. ನಗರಸಭೆಯು ಮಗ್ಗವಿರುವ ಮನೆಗಳ, ತಗಡಿನ ಛಾವಣಿಯ ಮನೆಗಳ ಪಟ್ಟಿ ಮಾಡಿ, ಪ್ರತಿ ವರ್ಷ ಫೆಬ್ರುವರಿಯೊಳಗೆ ಓಣಿಯಿಂದ ಓಣಿಗೆ ಬಿಳಿ ಲೇಪದ ಕೆಲಸ ಮಾಡಿಸಬಹುದು. ಮಹಿಳಾ ಸ್ವಸಹಾಯ ಸಂಘಗಳಿಗೆ ಇದನ್ನು ವಹಿಸಿದರೆ ಕೂಲಿಯೂ ಊರಿನಲ್ಲೇ ಉಳಿಯುತ್ತದೆ. ಸೋರುವ ಮಾಳಿಗೆಗೆ ಬಿಳಿ ಬಳಿದು ಪ್ರಯೋಜನವಿಲ್ಲ. ಬಿರುಕು ಮುಚ್ಚುವ ಕೆಲಸ ಮೊದಲು ಆಗಬೇಕು. ಲೇಪಕ್ಕೆ ಧೂಳು ಕೂತರೆ ಗುಣ ಕುಗ್ಗುತ್ತದಾದ್ದರಿಂದ ಎರಡು ಮೂರು ವರ್ಷಕ್ಕೊಮ್ಮೆ ಮರುಲೇಪಕ್ಕೂ ಹಣ ಎತ್ತಿಡಬೇಕು. ಉದ್ಘಾಟನೆಗೆ ಹಣವಿದ್ದು ನಿರ್ವಹಣೆಗೆ ಇಲ್ಲದ ಯೋಜನೆಗಳ ಗತಿ ಏನಾಗುತ್ತದೆಂಬುದನ್ನು ಸರ್ಕಾರಿ ಸೇವೆಯಲ್ಲಿದ್ದವರೆಲ್ಲರೂ ಬಲ್ಲರು.

ಎರಡನೆಯದಾಗಿ, ಹಿಸ್ಸೆಯಾದ ಮನೆಗಳಿಗೂ ಅಪಾರ್ಟ್‌ಮೆಂಟುಗಳಿಗೂ ಅನ್ವಯಿಸುವ ಒಂದು ಸರಳ ನಿಯಮ ಬೇಕು. ಸಾಮಾನ್ಯ ಛಾವಣಿಯ ದುರಸ್ತಿಗೆ ಪಾಲುದಾರರಲ್ಲಿ ಬಹುಮತದ ಒಪ್ಪಿಗೆ ಸಾಕು, ಖರ್ಚು ಪಾಲಿನ ಪ್ರಮಾಣದಲ್ಲಿ ಎಲ್ಲರ ಮೇಲೆ ಬೀಳತಕ್ಕದ್ದು, ಇದರಿಂದ ಯಾರ ಹಕ್ಕುಪಾಲೂ ಬದಲಾಗದು ಎಂಬಿಷ್ಟನ್ನು ಸ್ಪಷ್ಟಪಡಿಸಿದರೆ ಅರ್ಧ ಜಗಳ ತಗ್ಗುತ್ತದೆ. ಇ-ಖಾತೆಯ ವ್ಯವಸ್ಥೆ ಬಂದಿರುವ ಈ ಸಂದರ್ಭದಲ್ಲಿ ಅಜ್ಜನ ಹೆಸರಿನಲ್ಲಿ ಉಳಿದ ಮನೆಗಳನ್ನು ವಾರಸುದಾರರ ಹೆಸರಿಗೆ ತರಲು ನಗರಸಭೆಗಳು ಓಣಿವಾರು ಶಿಬಿರ ನಡೆಸಬೇಕು. ಒಡೆತನ ಕಾಗದದ ಮೇಲೆ ಬಂದ ನಂತರವಷ್ಟೇ ಸಹಕಾರಿ ಬ್ಯಾಂಕುಗಳು ಸಣ್ಣ ಸಾಲಕ್ಕೆ ಮುಂದಾಗುತ್ತವೆ.

ಮೂರನೆಯದಾಗಿ, ಉಳಿಸಿದ ಯೂನಿಟ್ಟಿಗೆ ಬೆಲೆ ಕೊಡುವ ಪ್ರಯೋಗವನ್ನು ಹೆಸ್ಕಾಂ ವ್ಯಾಪ್ತಿಯ ಒಂದೆರಡು ನೇಕಾರ ಪಟ್ಟಣಗಳಲ್ಲಿ ಆರಂಭಿಸಬಹುದು. ಒಪ್ಪಿದವರು ಮಾತ್ರ ಸೇರಲಿ. ಒಂದು ವರ್ಷ ನಡೆಸಿ, ಲೆಕ್ಕವನ್ನು ಜನರ ಮುಂದಿಟ್ಟು, ಆಮೇಲೆ ವಿಸ್ತರಿಸಲಿ.

ನಾಲ್ಕನೆಯದಾಗಿ, ಈಗಾಗಲೇ ಇರುವ ಸವಲತ್ತುಗಳನ್ನು ಹಳೆಯ ಕಟ್ಟಡಗಳವರೆಗೆ ತಲುಪಿಸಬೇಕು. 2024ರ ಫೆಬ್ರುವರಿಯಲ್ಲಿ ಆರಂಭವಾದ ‘ಪ್ರಧಾನಮಂತ್ರಿ ಸೂರ್ಯ ಘರ್’ ಯೋಜನೆಯಲ್ಲಿ ಮೂರು ಕಿಲೋವಾಟ್ ಸಾಮರ್ಥ್ಯದ ಸೌರಘಟಕಕ್ಕೆ 78,000 ರೂಪಾಯಿ ಸಹಾಯಧನವಿದೆ. ವಸತಿ ಸಂಘಗಳ ಲಿಫ್ಟು, ಪಂಪು, ಸಾಮಾನ್ಯ ದೀಪಗಳಂಥ ಬಳಕೆಗೆ ಪ್ರತಿ ಕಿಲೋವಾಟಿಗೆ 18,000 ರೂಪಾಯಿ ಇದೆ. ಆದರೆ ಬಿಲ್ಲು ಸೊನ್ನೆ ಬರುವ ಮನೆಗೆ ಸೌರಫಲಕದ ಆಕರ್ಷಣೆ ಕಡಿಮೆ. ಟೆರೇಸಿನ ಹಕ್ಕು ಇತ್ಯರ್ಥವಾಗದ ಅಪಾರ್ಟ್‌ಮೆಂಟಿಗೆ ಅದನ್ನು ಹಾಕಲು ಜಾಗವೇ ಇಲ್ಲ. ಮತ್ತೆ ನಾವು ಅದೇ ಎರಡು ಅಡ್ಡಿಗಳಿಗೆ, ಬೆಲೆಗೂ ಒಡೆತನಕ್ಕೂ, ಬಂದು ನಿಲ್ಲುತ್ತೇವೆ. ಇವೆರಡನ್ನು ಬಿಡಿಸದೆ ಯಾವ ಹೊಸ ಯೋಜನೆ ತಂದರೂ ಅದು ಅನುಕೂಲಸ್ಥರ ಸ್ವತಂತ್ರ ಮನೆಗಳ ಮೇಲೆಯೇ ಹೋಗಿ ಕೂರುತ್ತದೆ.

ಕೊನೆಯದಾಗಿ ಗೌಂಡಿಗಳ ಮಾತು. ಹಳೆಯ ಮನೆಯ ದುರಸ್ತಿಯನ್ನು ನಿರ್ಧರಿಸುವವನು ವಾಸ್ತುಶಿಲ್ಪಿಯಲ್ಲ, ಊರಿನ ಗೌಂಡಿ. ಕಿಟಕಿ ಎಲ್ಲಿರಬೇಕು, ಬೆಳಕಿಂಡಿಯನ್ನು ಮುಚ್ಚದೆ ಮಳೆನೀರು ತಡೆಯುವುದು ಹೇಗೆ, ತಗಡಿನ ಕೆಳಗೆ ಏನು ಹೊದಿಸಿದರೆ ಬಿಸಿ ತಗ್ಗುತ್ತದೆ ಎಂಬುದನ್ನು ಅವನಿಗೆ ಕಲಿಸಿದರೆ, ಎಷ್ಟೋ ವಿಚಾರಗಳಲ್ಲಿ ಅವನಿಂದ ಕಲಿತರೆ, ಸಂಹಿತೆ ತಲುಪದ ಓಣಿಗೂ ಜ್ಞಾನ ತಲುಪುತ್ತದೆ. ಜಿಲ್ಲೆಯ ಪಾಲಿಟೆಕ್ನಿಕ್, ಐಟಿಐಗಳಿಗೆ ಇದು ಅಸಾಧ್ಯದ ಕೆಲಸವಲ್ಲ.

ವಿದ್ಯುತ್ ಉಳಿತಾಯವನ್ನು ನಾವು ಇದುವರೆಗೆ ನಾಗರಿಕರ ಸದ್ಗುಣವೆಂದು ಬೋಧಿಸುತ್ತ ಬಂದಿದ್ದೇವೆ. ಸ್ವಿಚ್ ಆರಿಸಿ ಎಂದು ಗೋಡೆಗೆ ಚೀಟಿ ಅಂಟಿಸಿದ್ದೇವೆ. ಅಣ್ಣತಮ್ಮಂದಿರಿಗೆ ಹಂಚಿಹೋದ ಮಾಳಿಗೆಯ ಕೆಳಗೆ, ಬಿಲ್ಲು ಸೊನ್ನೆಯಿರುವ ಮನೆಯಲ್ಲಿ, ಸೀರೆಯ ಲೆಕ್ಕಕ್ಕೆ ಮಜೂರಿ ಪಡೆಯುವ ನೇಕಾರನಿಗೆ ಆ ಚೀಟಿಯಿಂದ ಏನೂ ಆಗದು. ಅವನಿಗೆ ಬೇಕಾದದ್ದು ಮಧ್ಯಾಹ್ನವೂ ಮಗ್ಗದ ಮುಂದೆ ನಿಲ್ಲಬಹುದಾದ ಸೂರು. ಅದನ್ನು ಒದಗಿಸುವ ಖರ್ಚು ಅವನ ಉಚಿತ ವಿದ್ಯುತ್ತಿಗೆ ಸರ್ಕಾರ ವರ್ಷವರ್ಷ ಕಟ್ಟುತ್ತಿರುವ ಹಣದೊಳಗೇ ಅಡಗಿದೆ. ಅದನ್ನು ಹೊರತೆಗೆದು ಮಾಳಿಗೆಯ ಮೇಲೆ ಹಾಕುವ ನಿರ್ಧಾರ ಆಡಳಿತದ್ದು.